ವಯಸ್ಸು ಬಂತು, ಹುಟ್ಟು ಬರಲಿಲ್ಲ

ನಮಸ್ಕಾರ,

ಮಂಡ್ಯದಿಂದ ನೀವು ಕಳಿಸಿದ ಜಿರ್ಕಾನ್ ಲೇಖನವನ್ನು ಪೂರ್ತಿ ಓದಿದೆ. ಹಳೇ ಕಾಲದ ಜ್ವಾಲಾಮುಖಿಗಳಿಂದ ಭೂಮಿಯ ಹೊರಪದರ ಹೇಗೆ ಬೆಳೆಯಿತು ಎಂದು ಈ ಪುಟ್ಟ ಹರಳು ಹೇಳಬಲ್ಲದು ಎಂಬುದು ನಿಮ್ಮ ವಿಷಯ. ಇಂಥ ಬರಹ ಕನ್ನಡದಲ್ಲಿ ಬರಲೇಬೇಕು. ಆದರೆ ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ.

ಮೊದಲ ಪುಟ ಪೂರ್ತಿ ತೆಗೆದುಬಿಡಿ. ಡೈನೋಸಾರ್ ಇಲ್ಲಿ ಬೇಡ. ಚಾಮುಂಡಿ ಬೆಟ್ಟದ ಕಲ್ಲು ಜಗತ್ತಿನಲ್ಲೇ ಹಳೆಯದು ಎಂದಿದ್ದೀರಿ. ಅದು ತಪ್ಪು. ಆ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ, ಅಷ್ಟೇ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್‌ಗೆ 440 ಕೋಟಿ ವರ್ಷ.

ಯುರೇನಿಯಂ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ಹರಳು ಕಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಈಗ ಒಳಗಿರುವ ಸೀಸ ಬಹುಪಾಲು ಯುರೇನಿಯಂನಿಂದಲೇ ಹುಟ್ಟಿದ್ದು. ಇದನ್ನು ತುಂಬ ಸರಳವಾಗಿ ಹೇಳಿದ್ದೀರಿ.

ಆದರೆ ಅಲ್ಲಿಗೇ ನಿಲ್ಲಿಸಿಬಿಟ್ಟಿರಿ! ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುವುದರಿಂದ, ಹರಳು ಯಾವಾಗ ಕಟ್ಟಿತು ಎಂದಷ್ಟೇ ಇದರಿಂದ ಗೊತ್ತಾಗುತ್ತದೆ. ಹರಳು ಕಟ್ಟಿದ ಆ ಶಿಲಾರಸ (ಕರಗಿದ ಬಂಡೆ) ಹೊರಪದರದ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ನಿಂದ ಹೊಸದಾಗಿ ಬಂದದ್ದೋ, ಹಳೇ ಹೊರಪದರವೇ ಮತ್ತೆ ಕರಗಿದ್ದೋ? ನಿಮ್ಮ ವಿಷಯ ಕೇಳುವುದು ಇದನ್ನೇ ಅಲ್ವಾ? ಉತ್ತರ ಹ್ಯಾಫ್ನಿಯಂ ಎಂಬ ಲೋಹದಲ್ಲಿದೆ. ಲುಟೀಷಿಯಂ ಎಂಬ ಇನ್ನೊಂದು ಲೋಹದ ವಿಕಿರಣಶೀಲ ರೂಪ ಲುಟೀಷಿಯಂ-176 ನಿಧಾನವಾಗಿ ಹ್ಯಾಫ್ನಿಯಂ-176 ಆಗುತ್ತದೆ. ಮ್ಯಾಂಟಲ್ ಕರಗಿ ಲಾವಾ ಮೇಲೆ ಬಂದಾಗ, ಹ್ಯಾಫ್ನಿಯಂಗೆ ಹೋಲಿಸಿದರೆ ಲುಟೀಷಿಯಂ ಕೆಳಗೇ ಜಾಸ್ತಿ ಉಳಿಯುತ್ತದೆ. ಆದ್ದರಿಂದ ಹ್ಯಾಫ್ನಿಯಂ-176ರ ಪಾಲು ಮ್ಯಾಂಟಲ್‌ನಲ್ಲಿ ಬೇಗ ಏರುತ್ತದೆ, ಹೊರಪದರದಲ್ಲಿ ಹಿಂದೆ ಬೀಳುತ್ತದೆ. ಜಿರ್ಕಾನ್ ತಾನು ಹುಟ್ಟಿದ ಹೊತ್ತಿನ ಪಾಲನ್ನು ಹಾಗೇ ಹಿಡಿದಿಡುತ್ತದೆ. ಪಾಲು ಕಡಿಮೆಯಿದ್ದರೆ ಅದು ಹಳೇ ಪದರ ಕರಗಿ ಬಂದ ಹರಳು. ಆಕ್ಸಿಜನ್‌ಗೂ ಒಂದು ಪ್ಯಾರಾ ಕೊಡಿ. ಭಾರದ ಆಕ್ಸಿಜನ್-18 ಜಾಸ್ತಿ ಸಿಕ್ಕರೆ, ಕರಗಿದ ಬಂಡೆ ಅದಕ್ಕೂ ಮೊದಲು ನೆಲದ ಮೇಲೆ ನೀರಿನ ಜೊತೆ ಬೆರೆತಿತ್ತು ಎಂದರ್ಥ.

ಇನ್ನೊಂದು ದೊಡ್ಡ ತಪ್ಪಿದೆ. ನಮ್ಮ ಸರಗೂರಿನ ಹೆಸರಿನ ಶಿಲಾಸಮೂಹದಲ್ಲಿ ಕೊಮಟಿಯೈಟ್ ಎಂಬ, ಹಳೇ ಕಾಲದ ತುಂಬ ಬಿಸಿಯಾದ ಲಾವಾ ಇದೆ, ನಿಜ. ಆದರೆ ಅದರೊಳಗಿನ ಜಿರ್ಕಾನ್ ಬಗ್ಗೆ ಬರೆದಿದ್ದೀರಿ. ಅಂಥ ಲಾವಾದಲ್ಲಿ ಸಿಲಿಕಾವೂ ಕಡಿಮೆ, ಜಿರ್ಕೋನಿಯಂ ಕೂಡ ಕಡಿಮೆ. ಅಲ್ಲಿ ಜಿರ್ಕಾನ್ ಕಟ್ಟುವುದೇ ಅಪರೂಪ. ಅದಕ್ಕೇ ಭೂವಿಜ್ಞಾನಿಗಳು ಜೊತೆಯಲ್ಲಿರುವ ಸಿಲಿಕಾ ಹೆಚ್ಚಿನ ಬೂದಿಪದರ, ಲಾವಾವನ್ನು ಸೀಳಿಕೊಂಡು ಬಂದ ಗ್ರಾನೈಟ್, ಮರಳಿನಿಂದಾದ ಕ್ವಾರ್ಟ್‌ಜೈಟ್ ಇವುಗಳಲ್ಲಿ ಹುಡುಕುತ್ತಾರೆ. ಸರಗೂರು ಸಮೂಹದ ಕ್ವಾರ್ಟ್‌ಜೈಟಿನಲ್ಲೇ 350 ಕೋಟಿ ವರ್ಷ ದಾಟಿದ ಹರಳುಗಳಿವೆ. ಮೂಲ ಬಂಡೆ ಸವೆದರೂ ಹರಳು ಸವೆಯದೆ ಮರಳಿಗೆ ಸೇರಿತು. ಚಾಮುಂಡಿ ಬೆಟ್ಟ ಬಿಟ್ಟು ಲೇಖನವನ್ನು ಇಲ್ಲಿಂದಲೇ ಶುರು ಮಾಡಿ.

ಹ್ಯಾಫ್ನಿಯಂ ಭಾಗಕ್ಕೆ ಜಾಗ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ನಾನು ಕತ್ತರಿಸುವುದಿಲ್ಲ. ತಿದ್ದಿದ ಪ್ರತಿಯನ್ನು ನೇರ ನನಗೇ ಕಳಿಸಿ.

ಸಂಪಾದಕ, ಮೈಸೂರು