ಡೇ ಕೇರ್‌ಗೆ ಸೇರಿಸಿದ ಮೇಲೆ ಮಗನಿಗೆ ಒಂದಲ್ಲ ಒಂದು ಕಾಯಿಲೆ. ಕೆಲಸ ಬಿಡಬೇಕೇ?

ಮಗನಿಗೆ ಹದಿಮೂರು ತಿಂಗಳು, ಜೂನ್‌ನಲ್ಲಿ ಡೇ ಕೇರ್‌ಗೆ ಸೇರಿಸಿದಿರಿ, ಅಂದಿನಿಂದ ನೆಗಡಿ, ಜ್ವರ, ಕೆಮ್ಮು, ಭೇದಿ ಒಂದರ ಹಿಂದೆ ಒಂದು ಬರುತ್ತಲೇ ಇವೆ ಎಂದು ಬರೆದಿದ್ದೀರಿ. ಕಚೇರಿಯಲ್ಲಿ ರಜೆ ಮುಗಿಯುತ್ತಾ ಬಂದಿದೆ, ಅತ್ತೆಯವರು ಕೆಲಸ ಬಿಡು ಎನ್ನುತ್ತಿದ್ದಾರೆ, ಮಗುವಿಗೆ ರೋಗನಿರೋಧಕ ಶಕ್ತಿಯೇ ಇಲ್ಲವೇನೋ ಎಂಬ ಭಯ ಬೇರೆ. ನಾನು ವೈದ್ಯೆಯಲ್ಲ. ಬೆಂಗಳೂರಿನಲ್ಲೇ ಮಗಳನ್ನು ಒಂಬತ್ತನೇ ತಿಂಗಳಿಗೆ ಡೇ ಕೇರ್‌ಗೆ ಬಿಟ್ಟು ಕೆಲಸಕ್ಕೆ ಹೋದ ತಾಯಿ. ಅವಳು ಈಗ ಎರಡನೇ ತರಗತಿ. ನಿಮ್ಮ ಪ್ರಶ್ನೆಯ ನಡುವೆ ನೀವೇ ಬರೆದ ಎರಡು ಮಾತುಗಳಿವೆ: ತೂಕ ಏರುತ್ತಿದೆ, ಜ್ವರ ಬಿಟ್ಟ ಮರುದಿನ ಮೊದಲಿನಂತೆ ಆಡುತ್ತಾನೆ. ಉಳಿದೆಲ್ಲಕ್ಕಿಂತ ಆ ಎರಡು ಮಾತುಗಳಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಎಷ್ಟು ಸಲ ಕಾಯಿಲೆ ಬಿತ್ತು ಎಂದು ಎಣಿಸುವುದನ್ನು ಬಿಡಿ. ಎರಡು ಕಾಯಿಲೆಗಳ ನಡುವೆ ಮಗು ಹೇಗಿರುತ್ತದೆ ಎಂಬುದನ್ನು ನೋಡಿ.

ಲೆಕ್ಕ ಬೇಕೆಂದರೆ ಹೀಗಿದೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ನೆಗಡಿ ಬರುವುದು ಸಹಜ. ಗುಂಪಿನಲ್ಲಿ ಬೆಳೆಯುವ ಮಗುವಿಗೆ ಮೊದಲ ವರ್ಷ ಹತ್ತು ಹನ್ನೆರಡಾದರೂ ಮಕ್ಕಳ ವೈದ್ಯರು ಹುಬ್ಬೇರಿಸುವುದಿಲ್ಲ. ಒಂದು ನೆಗಡಿ ಇಳಿಯಲು ಹತ್ತು ದಿನ ಬೇಕು, ಕೆಮ್ಮು ಮೂರು ವಾರ ಎಳೆಯಬಹುದು. ಹತ್ತು ನೆಗಡಿಯೆಂದರೆ ವರ್ಷದಲ್ಲಿ ಸುಮಾರು ನೂರು ದಿನ ಮೂಗು ಸೋರುತ್ತಿರುತ್ತದೆ. ಅವು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿಕೊಂಡು ಬರುವುದೂ ಇಲ್ಲ; ಮಳೆಗಾಲದಲ್ಲೂ ಚಳಿಯಲ್ಲೂ ಗುಂಪುಗುಂಪಾಗಿ ಬರುತ್ತವೆ. ನೀವು ಸೇರಿಸಿದ್ದು ಮಳೆ ಶುರುವಾಗುವ ಜೂನ್‌ನಲ್ಲಿ. ಹಾಗಾಗಿ ಮಗು ಗುಣವಾಗುತ್ತಲೇ ಇಲ್ಲ ಎಂದು ನಿಮಗೆ ಅನ್ನಿಸುವುದು ಸರಿಯೇ, ಆದರೆ ಅದು ಒಂದೇ ಕಾಯಿಲೆಯಲ್ಲ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದನ್ನು ಗೆದ್ದ ದೇಹಕ್ಕೆ ಇನ್ನೊಂದು ಹೊಸದೇ.

ಇದರ ಹಿಂದೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ತಾಯಂದಿರಿಗೆ ಬಿಡಿಸಿ ಹೇಳುವುದಿಲ್ಲ. ಬಸಿರಿನಲ್ಲಿ ನಮ್ಮಿಂದ ಮಗುವಿಗೆ ಹೋದ ಪ್ರತಿಕಾಯಗಳು ಆರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಕರಗಿರುತ್ತವೆ. ಮಗುವಿನ ಸ್ವಂತ ಶಕ್ತಿ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. 2017ರ ತಿದ್ದುಪಡಿಯ ನಂತರ ನಮಗೆ ಸಿಗುವ ಹೆರಿಗೆ ರಜೆ 26 ವಾರ, ಅಂದರೆ ಅದೇ ಆರು ತಿಂಗಳು. ತಾಯಿ ಕೊಟ್ಟ ರಕ್ಷಣೆ ಮುಗಿಯುವುದೂ ತಾಯಿಯ ರಜೆ ಮುಗಿಯುವುದೂ ಒಟ್ಟಿಗೆ. ನೀವು ಅದರ ಮೇಲೂ ಕೆಲವು ತಿಂಗಳು ಹೇಗೋ ಹೊಂದಿಸಿಕೊಂಡು ಮನೆಯಲ್ಲಿ ನೋಡಿಕೊಂಡಿದ್ದೀರಿ. ಅದೇನೂ ಸಣ್ಣ ಮಾತಲ್ಲ.

ಅತ್ತೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ಮಕ್ಕಳನ್ನು ಸಾಕಿದ ಕಾಲದಲ್ಲಿ ಭೇದಿಯಿಂದಲೋ ನ್ಯುಮೋನಿಯಾದಿಂದಲೋ ಮಕ್ಕಳು ತೀರಿಕೊಂಡ ಮನೆಗಳು ಪ್ರತಿ ಬೀದಿಯಲ್ಲೂ ಇದ್ದವು. ಅವರ ಭಯಕ್ಕೆ ಆಧಾರವಿದೆ. ಆದರೆ "ನಮ್ಮ ಕಾಲದಲ್ಲಿ ಹೀಗೆ ಆಗುತ್ತಿರಲಿಲ್ಲ" ಎನ್ನುವ ಮಾತನ್ನು ಒಪ್ಪಲಾರೆ. ಅಣ್ಣ, ಅಕ್ಕ, ಚಿಕ್ಕಪ್ಪನ ಮಕ್ಕಳು ತುಂಬಿದ ಮನೆಯಲ್ಲಿ ಗೊಣ್ಣೆ ಸುರಿಸದ ಕೂಸೇ ಇರುತ್ತಿರಲಿಲ್ಲ. ಆಗ ಸೋಂಕು ಮನೆಯೊಳಗೇ ಸಿಗುತ್ತಿತ್ತು, ಈಗ ಡೇ ಕೇರ್‌ನಲ್ಲಿ ಸಿಗುತ್ತಿದೆ. ಮನೆಯಲ್ಲೇ ಇಟ್ಟುಕೊಂಡರೆ ಈ ಕಂತು ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಕೆನಡಾದ ಕ್ವೆಬೆಕ್‌ನಲ್ಲಿ ಮಕ್ಕಳನ್ನು ಎಂಟು ವರ್ಷದವರೆಗೆ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡೂವರೆ ವರ್ಷಕ್ಕೆ ಮೊದಲೇ ದೊಡ್ಡ ಗುಂಪಿನ ಡೇ ಕೇರ್‌ಗೆ ಹೋದ ಮಕ್ಕಳಿಗೆ ಆಗ ಉಸಿರಾಟದ ಸೋಂಕು, ಕಿವಿ ಸೋಂಕು ಹೆಚ್ಚು ಬಂದವು. ಶಾಲೆಯ ವರ್ಷಗಳಲ್ಲಿ ಅದೇ ಮಕ್ಕಳಿಗೆ ಕಡಿಮೆ ಬಂದವು. ನಮ್ಮ ಮನೆಯಲ್ಲೂ ಎರಡನೇ ಮಳೆಗಾಲ ಮೊದಲಿನದಕ್ಕಿಂತ ಬಹಳ ಹಗುರವಾಗಿತ್ತು.

ಈಗ ಔಷಧದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನೆಗಡಿಗಿಂತ ನೆಗಡಿಯ ಔಷಧದಿಂದಲೇ ಮಕ್ಕಳಿಗೆ ಅಪಾಯವಾದ ಉದಾಹರಣೆ ಕಣ್ಣೆದುರಿಗಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಆದ್ದರಿಂದ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸಿರಪ್ ತರಬೇಡಿ. ಕಳೆದ ಸಲ ಉಳಿದ ಆಂಟಿಬಯೋಟಿಕ್ ಬಾಟಲಿಯನ್ನು ಮತ್ತೆ ತೆರೆಯಬೇಡಿ. ಸಿಂಬಳ ಹಸಿರಾಯಿತೆಂದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕೆಂದೇನೂ ಇಲ್ಲ, ಸಾದಾ ನೆಗಡಿಯಲ್ಲೂ ಅದು ಹಸಿರಾಗುತ್ತದೆ. ಮೂಗಿಗೆ ಸಲೈನ್ ಹನಿ, ಮಲಗುವ ಮುನ್ನ ಮತ್ತು ಊಟಕ್ಕೆ ಮುನ್ನ. ವರ್ಷ ತುಂಬಿರುವುದರಿಂದ ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ವರ್ಷದೊಳಗಿನ ಕೂಸಿಗೆ ಜೇನು ಮುಟ್ಟಿಸಲೂಬಾರದು. ಕರ್ಪೂರದ ಗಂಟು, ಎದೆಗೆ ಹಚ್ಚುವ ಕರ್ಪೂರದ ಮುಲಾಮು ಎರಡು ವರ್ಷದವರೆಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಸೆಳವು ಬರಬಹುದು. ಎದೆ ಗೊರಗೊರ ಎನ್ನುವ ಮಗುವಿನ ಕೋಣೆಗೆ ಸಾಂಬ್ರಾಣಿ ಹೊಗೆಯನ್ನೂ ಹಾಕಬೇಡಿ. ಬಿಸಿ ಗಂಜಿ, ತಿಳಿಸಾರು, ಎದೆಹಾಲು ಎಷ್ಟು ಬೇಕಾದರೂ ಕೊಡಿ. ದೃಷ್ಟಿ ತೆಗೆಯುತ್ತೇನೆ ಎಂದು ಅತ್ತೆಯವರು ಹೇಳಿದರೆ ತೆಗೆಯಲಿ, ಮಗುವಿನ ಮುಖದ ಹತ್ತಿರ ಹೊಗೆ ಬಾರದಿದ್ದರೆ ಸಾಕು.

ಪ್ಯಾರಾಸಿಟಮಾಲ್ ಕೊಡುವಾಗ ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನು ಪ್ರತಿ ಸಲವೂ ಓದಿ. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಕಿಲೋಗೆ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ. ಹನಿ ರೂಪದ ಪುಟ್ಟ ಬಾಟಲಿಯಲ್ಲಿ ಒಂದು ಮಿಲಿಲೀಟರ್‌ಗೇ 100 ಮಿಲಿಗ್ರಾಂ ಇರುತ್ತದೆ, ಹಾಗಾಗಿ ಒಂದೂವರೆ ಮಿಲಿಲೀಟರ್ ಸಾಕು. ಸಿರಪ್‌ನಲ್ಲಿ ಐದು ಮಿಲಿಲೀಟರ್‌ಗೆ 120 ಮಿಲಿಗ್ರಾಂನದೂ ಇದೆ, 250ರದೂ ಇದೆ. ಮೊದಲಿನದಾದರೆ ಸುಮಾರು ಆರು ಮಿಲಿಲೀಟರ್, ಎರಡನೆಯದಾದರೆ ಮೂರು. ಎರಡರ ಡಬ್ಬಿಯೂ ನೋಡಲು ಹೆಚ್ಚುಕಡಿಮೆ ಒಂದೇ. ನಡುರಾತ್ರಿ ಗಂಡನಿಗೆ "ಆರು ಎಂಎಲ್ ಕೊಡಿ" ಎಂದು ಹೇಳಿ, ಅವರು ಇನ್ನೊಂದು ಬಾಟಲಿ ತೆಗೆದರೆ ಔಷಧ ಎರಡು ಪಟ್ಟಾಯಿತು. ಮನೆಯಲ್ಲಿ ಒಂದೇ ಬಗೆ ಇಟ್ಟುಕೊಳ್ಳಿ, ವೈದ್ಯರಿಂದ ಅಳತೆ ಬರೆಸಿ ಫ್ರಿಜ್ ಬಾಗಿಲಿಗೆ ಅಂಟಿಸಿ, ಕೊಟ್ಟ ಸಮಯವನ್ನು ಅದೇ ಹಾಳೆಯಲ್ಲಿ ಗುರುತು ಮಾಡಿ. ನಾಲ್ಕರಿಂದ ಆರು ಗಂಟೆಯ ಅಂತರವಿರಲಿ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಈ ಕಾಲದಲ್ಲಿ ನೆಗಡಿ ಕೆಮ್ಮು ಇಲ್ಲದೆ ಬರೀ ಜೋರು ಜ್ವರ ಬಂದರೆ ಡೆಂಗಿಯನ್ನೂ ನೆನೆಯಬೇಕು. ವೈದ್ಯರು ನೋಡುವವರೆಗೆ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಇರುವ ಜ್ವರದ ಔಷಧ ಬೇಡ.

ಉಸಿರು ಎಣಿಸುವುದನ್ನು ನೀವೂ ನಿಮ್ಮ ಯಜಮಾನರೂ ಇಬ್ಬರೂ ಕಲಿತುಕೊಳ್ಳಿ. ಮಗು ಅಳದೆ ಮಲಗಿರುವಾಗ ಅಂಗಿಯನ್ನು ಎದೆಯವರೆಗೆ ಎತ್ತಿ, ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಏರಿದಾಗಲೆಲ್ಲ ಒಂದೊಂದಾಗಿ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಪುಟ್ಟ ಮಕ್ಕಳ ಉಸಿರು ಏಕಸಮನಾಗಿರುವುದಿಲ್ಲ. ಒಂದರಿಂದ ಐದು ವರ್ಷದವರೆಗೆ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗೆ 50 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗಿನ ಭಾಗ ಒಳಕ್ಕೆ ಸೇದಿಕೊಂಡರೆ ಎಣಿಸುತ್ತ ಕೂರಬೇಡಿ, ಹೊರಡಿ. ತುಟಿ ನೀಲಿಯಾದರೆ, ಹಾಲೂ ನೀರೂ ಒಲ್ಲೆನೆಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಸೆಳವು ಬಂದರೆ ಕೂಡ ಹಾಗೆಯೇ.

ಭೇದಿಗೆ ಓಆರ್‌ಎಸ್, ಜೊತೆಗೆ ವೈದ್ಯರು ಬರೆದುಕೊಡುವ ಜಿಂಕ್ ಹದಿನಾಲ್ಕು ದಿನ, ಭೇದಿ ನಿಂತರೂ ಪೂರ್ತಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. 200 ಮಿಲಿಲೀಟರ್‌ನದೂ ಇದೆ, ಒಂದು ಲೀಟರ್‌ನದೂ ಇದೆ. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂತಹ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಆ ಹೆಣ್ಣುಮಗಳಿಗೆ ಪ್ರತಿ ತಾಯಿಯೂ ಋಣಿ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಟಾನಿಕ್‌ಗಳಿಗೆ ಹಣ ಸುರಿಯಬೇಡಿ. ಅದರ ಬದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕೊರತೆಯಿದ್ದರೆ ಕಬ್ಬಿಣದ ಹನಿ ಅಗ್ಗದಲ್ಲಿ ಸಿಗುತ್ತದೆ. ನಿಜವಾಗಿ ರೋಗನಿರೋಧಕ ಶಕ್ತಿಯ ದೋಷವಿದೆಯೇ ಎಂದು ವೈದ್ಯರು ಯೋಚಿಸುವುದು ಬೇರೆಯೇ ಸಂದರ್ಭಗಳಲ್ಲಿ: ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಅಥವಾ ಹೆಚ್ಚು ಸಲ ಕಿವಿ ಸೋಂಕು, ತೂಕ ನಿಂತುಹೋಗುವುದು, ಮತ್ತೆಮತ್ತೆ ಆಳವಾದ ಕೀವುಗುಳ್ಳೆ. ನೀವು ಬರೆದದ್ದರಲ್ಲಿ ಇವು ಯಾವುವೂ ಇಲ್ಲ.

ಡೇ ಕೇರ್ ಬಗ್ಗೆ ಮಾತ್ರ ಕಣ್ಣು ತೆರೆದಿಡಿ. ಮುಂಚಿತವಾಗಿ ತಿಳಿಸದೆ ಒಂದು ಮಧ್ಯಾಹ್ನ ಹೋಗಿ ನೋಡಿ. ಡೈಪರ್ ಬದಲಿಸುವ ಜಾಗ ಊಟದ ಜಾಗದಿಂದ ದೂರವಿದೆಯೇ, ಬದಲಿಸಿದ ಆಯಾ ಸೋಪಿನಿಂದ ಕೈ ತೊಳೆಯುತ್ತಾರೆಯೇ, ಎಲ್ಲ ಮಕ್ಕಳ ಮೂಗನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತಾರೆಯೇ, ಕಿಟಕಿ ತೆರೆದಿರುತ್ತದೆಯೇ. ನಾವು ಮೊದಲು ಸೇರಿಸಿದ ಕಡೆ ಕೈ ಕಾಲು ಬಾಯಿ ರೋಗ ಬಂದ ಸುದ್ದಿಯನ್ನು ಪೋಷಕರಿಗೆ ತಿಳಿಸಲೇ ಇಲ್ಲ. ಮಗಳ ಅಂಗೈಯಲ್ಲಿ ಗುಳ್ಳೆ ಎದ್ದು, ಬಾಯಿ ಹುಣ್ಣಾಗಿ ಅನ್ನ ನುಂಗಲಾರದೆ ಅತ್ತಾಗಲೇ ನಮಗೆ ಗೊತ್ತಾದದ್ದು. ಕಾಯಿಲೆ ಬರುವುದು ಯಾರ ತಪ್ಪೂ ಅಲ್ಲ, ಮುಚ್ಚಿಡುವುದು ತಪ್ಪು. ನಾವು ಜಾಗ ಬದಲಿಸಿದೆವು. ಹಾಗೆಯೇ ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಜ್ವರ ಇಳಿದ ಗಳಿಗೆಯಲ್ಲಿ ಮಗುವನ್ನು ಬಿಟ್ಟು ಹೋಗುವ ತಂದೆತಾಯಿಗಳಿದ್ದಾರೆ. ರಜೆ ಸಿಗದವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಮಧ್ಯಾಹ್ನಕ್ಕೆ ಮೈ ಮತ್ತೆ ಕಾದಾಗ ಆ ಮಗು ಅಲ್ಲಿ ಒಂಟಿ. ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕಳಿಸಿ. ಬರೀ ಮೂಗು ಸೋರುತ್ತಿದ್ದರೆ ಮನೆಯಲ್ಲಿ ಕೂರಿಸಬೇಕಾಗಿಲ್ಲ.

ಕೊನೆಗೆ ಕೆಲಸ. ನಿಮ್ಮ ಇಡೀ ಪ್ರಶ್ನೆಯಲ್ಲಿ ಮಗನ ತಂದೆಯ ರಜೆಯ ಮಾತೇ ಬರಲಿಲ್ಲ, ಅದು ನನ್ನನ್ನು ಕಾಡಿತು. ಮಗು ಇಬ್ಬರದು, ರಜೆಯೂ ಇಬ್ಬರದಾಗಲಿ. ನಾವು ದಿನವನ್ನೇ ಎರಡು ಪಾಲು ಮಾಡಿದ್ದೆವು: ಒಬ್ಬರು ಬೆಳಗಿನ ಹೊತ್ತು ಮನೆಯಲ್ಲಿ, ಇನ್ನೊಬ್ಬರು ಮಧ್ಯಾಹ್ನದ ಮೇಲೆ. ಇಬ್ಬರ ಅರ್ಧ ದಿನದ ರಜೆ ಸೇರಿ ಒಂದು ಜ್ವರ ದಾಟುತ್ತಿತ್ತು. ಸಾಧ್ಯವಿದ್ದರೆ ಅತ್ತೆಯವರನ್ನೋ ನಿಮ್ಮ ತಾಯಿಯವರನ್ನೋ ದೀಪಾವಳಿಯವರೆಗೆ ಬಂದಿರಲು ಕೇಳಿ. ದಿನವಿಡೀ ನೋಡಿಕೊಳ್ಳಲಿಕ್ಕಲ್ಲ, ಜ್ವರದ ದಿನಗಳಿಗೆ ಆಸರೆಯಾಗಲಿಕ್ಕೆ. ನಿದ್ದೆಗೆಟ್ಟ ವಾರದಲ್ಲಿ ರಾಜೀನಾಮೆಯ ತೀರ್ಮಾನ ಮಾಡಬೇಡಿ. ಮಗನೊಂದಿಗೆ ಮನೆಯಲ್ಲಿರಬೇಕೆಂಬುದು ನಿಮ್ಮದೇ ಆಸೆಯಾಗಿದ್ದರೆ ಸಂತೋಷದಿಂದ ಬಿಡಿ. ನೆಗಡಿಗೆ ಹೆದರಿ, ತಪ್ಪಿತಸ್ಥ ಭಾವನೆಯಿಂದ ಬಿಡುವುದಾದರೆ ಬೇಡವೆಂದು ನಾನು ಕೈಮುಗಿದು ಹೇಳುತ್ತೇನೆ.

ಮುಂದಿನ ವಾರ ವೈದ್ಯರ ಬಳಿ ಹೋಗುತ್ತೀರೆಂದು ಬರೆದಿದ್ದೀರಲ್ಲ, ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ ತೂಕದ ಗೆರೆ ತೋರಿಸಿ, ಬಾಕಿ ಲಸಿಕೆ ಇದೆಯೇ ಎಂದು ಕೇಳಿ. ಫ್ಲೂ ಮತ್ತು ಸೀತಾಳೆ ಸಿಡುಬಿನ ಲಸಿಕೆ ಸರ್ಕಾರದ ಪಟ್ಟಿಯಲ್ಲಿಲ್ಲ, ಕೇಳಿಯೇ ಹಾಕಿಸಬೇಕು. ಫ್ಲೂ ಲಸಿಕೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಸಲ ಬೇಕು, ಮನೆಯ ದೊಡ್ಡವರೂ ಅದೇ ದಿನ ಹಾಕಿಸಿಕೊಂಡರೆ ಒಳ್ಳೆಯದು.