ಎರಡು ಪವರ್ ಸಪ್ಲೈ, ರೈಡ್-5 ಇರುವ ಸರ್ವರ್: ಇನ್ನು ನೋಡಿಕೊಳ್ಳೋಕೆ ಏನಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಗಂಗಾವತಿಯ ರೈಸ್‌ಮಿಲ್ ಆಫೀಸು. ವೇಬ್ರಿಡ್ಜ್ ತೂಕ, ಟ್ಯಾಲಿ ಎರಡೂ ಒಂದೇ ಸರ್ವರ್ ಮೇಲೆ. ಎರಡು ಪವರ್ ಸಪ್ಲೈ, 4 ಟಿಬಿಯ 4 ಡಿಸ್ಕ್ ರೈಡ್-5ರಲ್ಲಿ (ಒಂದು ಡಿಸ್ಕ್ ಹೋದರೂ ಉಳಿದವುಗಳಿಂದ ಅದರ ಡೇಟಾ ಮರಳಿ ಕಟ್ಟುವ ಜೋಡಣೆ). "ಒಂದು ಕೆಟ್ಟರೂ ನಿಲ್ಲೋದಿಲ್ಲ" ಎಂದು ಮಾರಿದವರು ಹೇಳಿದ್ದಾರೆ, ಹಾಗಾದರೆ ಇನ್ನು ದಿನಾ ನೋಡುವಂಥದ್ದು ಏನು?

ಒಂದು ಕೆಟ್ಟರೂ ನಿಲ್ಲುವುದಿಲ್ಲ, ನಿಜ. ತೊಂದರೆಯೂ ಅದೇ. ನಿಲ್ಲದ ಕಾರಣ ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಸರ್ವರ್ ಮುಂಭಾಗದಲ್ಲಿ ಒಂದು ಸಣ್ಣ ಕಿತ್ತಳೆ ದೀಪ ತಿಂಗಳುಗಟ್ಟಲೆ ಮಿಣುಕುತ್ತಿರುತ್ತದೆ, ಎರಡನೆಯದು ಕೈಕೊಟ್ಟ ದಿನ ಎಲ್ಲ ನಿಲ್ಲುತ್ತದೆ. ಮೊದಲನೆಯದು ಕೆಟ್ಟ ಗಂಟೆಯಲ್ಲೇ ನಿಮಗೆ ತಿಳಿಯಬೇಕು, ಉಸ್ತುವಾರಿ ಎಂದರೆ ಇಷ್ಟೇ. ಇನ್ನೊಂದು ಮಾತು: ನಿಮ್ಮಲ್ಲಿ ಮದರ್‌ಬೋರ್ಡ್ ಒಂದೇ, ಅದಕ್ಕೆ ಜೋಡಿ ಇಲ್ಲ. ಎರಡು ಮಾಡ್ಯೂಲ್‌ಗಳು ಒಂದೇ ಆದೇಶವನ್ನು ಏಕಕಾಲಕ್ಕೆ ನಡೆಸುವ ಸ್ಟ್ರಾಟಸ್ ಕಂಪನಿಯ ಮಾದರಿಯ ಯಂತ್ರಗಳು ಬೇರೆ, ಅವುಗಳ ಬೆಲೆಯೂ ಬೇರೆ.

ಮೊದಲು ಕರೆಂಟ್. ಎರಡೂ ಪವರ್ ಸಪ್ಲೈ ವೈರುಗಳು ಹಿಂದೆ ಎಲ್ಲಿಗೆ ಹೋಗಿವೆ ನೋಡಿರಿ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹೋಗಿದ್ದರೆ ಎರಡಿದ್ದೂ ಒಂದೇ ಲೆಕ್ಕ. ಒಂದೊಂದಕ್ಕೆ ಪ್ರತ್ಯೇಕ ಯುಪಿಎಸ್, ಪ್ರತ್ಯೇಕ ಎಂಸಿಬಿ ಇರಲಿ. ಒಂದೇ ಸಪ್ಲೈ ಇಡೀ ಹೊರೆ ಹೊರಬಲ್ಲದೇ ಎಂಬುದನ್ನೂ ನೋಡಬೇಕು: 500 ವ್ಯಾಟಿನ ಎರಡಿದ್ದು ಸರ್ವರ್ 600 ಎಳೆಯುತ್ತಿದ್ದರೆ ಒಂದು ಹೋದ ಕ್ಷಣ ಇನ್ನೊಂದೂ ಹೋಗುತ್ತದೆ.

ಮಿಲ್‌ಗಳಲ್ಲಿ ಇನ್ನೊಂದು ಕಾಟ ಇದೆ. ಜೆಸ್ಕಾಂ ಲೈನ್ ಹೋಗಿ ಜನರೇಟರ್ ಬಂದಮೇಲೂ ಯುಪಿಎಸ್ ಬ್ಯಾಟರಿಯಲ್ಲೇ ಓಡುತ್ತಿರುತ್ತದೆ, ಅರ್ಧ ಗಂಟೆಗೆ ಸರ್ವರ್ ಆಫ್. ದೊಡ್ಡ ಮೋಟಾರ್ ಶುರುವಾದಾಗ ಜನರೇಟರ್ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಅತ್ತಿತ್ತ ಸರಿಯುತ್ತದೆ, ಯುಪಿಎಸ್ ಅದನ್ನು ಒಪ್ಪುವುದಿಲ್ಲ. ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಫ್ರೀಕ್ವೆನ್ಸಿ ಮಿತಿ ಸಡಿಲಿಸುವ ಅವಕಾಶ ಇದ್ದರೆ ಸಡಿಲಿಸಿರಿ, ಇಲ್ಲವಾದರೆ ಜನರೇಟರ್ ಗವರ್ನರ್ (ವೇಗ ಹಿಡಿತದಲ್ಲಿಡುವ ಭಾಗ) ಸರಿಮಾಡಿಸಬೇಕು. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಹಾಕಿ, ಬ್ಯಾಟರಿ ತಳ ಮುಟ್ಟುವ ಮೊದಲೇ ಸರ್ವರ್ ತಾನಾಗಿ ಶಟ್‌ಡೌನ್ ಆಗುವಂತೆ ಮಾಡಿರಿ. ಲಿನಕ್ಸ್ ಆದರೆ ಎನ್‌ಯುಟಿ ಎಂಬ ಸಾಫ್ಟ್‌ವೇರ್ ಸಾಕು. ಸೀಲ್ಡ್ ಲೆಡ್ ಬ್ಯಾಟರಿಯ ಆಯಸ್ಸು ಲೆಕ್ಕ ಹಾಕುವುದು 25 ಡಿಗ್ರಿಗೆ. ಮೇಲೆ ಸುಮಾರು 10 ಡಿಗ್ರಿ ಏರಿದರೆ ಅರ್ಧಕ್ಕಿಳಿಯುತ್ತದೆ. ಕೊಪ್ಪಳ, ರಾಯಚೂರಿನ ಬೇಸಿಗೆ 40 ದಾಟುವುದರಿಂದ ಡಬ್ಬದ ಮೇಲಿನ ವರ್ಷಗಳನ್ನು ನಂಬಬೇಡಿರಿ. ಮೂರು ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಎಷ್ಟು ನಿಮಿಷ ಬರುತ್ತದೆ ಬರೆದಿಡಿರಿ. ಹೊಸದಿದ್ದಾಗಿನ ಅರ್ಧಕ್ಕೆ ಬಂದರೆ ಇಡೀ ಸೆಟ್ ಬದಲಿಸಿರಿ, ಹಳೆಯದರ ಜತೆ ಹೊಸದೊಂದನ್ನು ಸೇರಿಸಬಾರದು.

ಈಗ ಡಿಸ್ಕ್. ನಾನಾದರೆ ಈ ರೈಡ್-5 ಇಟ್ಟುಕೊಳ್ಳುವುದಿಲ್ಲ. ಒಂದು ಡಿಸ್ಕ್ ಹೋದರೆ ಹೊಸದನ್ನು ತುಂಬಲು ಉಳಿದ ಮೂರನ್ನೂ ಪೂರ್ತಿ, ಅಂದರೆ 12 ಟಿಬಿ, ಓದಬೇಕು. ಡೆಸ್ಕ್‌ಟಾಪ್ ಡಿಸ್ಕ್‌ಗಳ ಸ್ಪೆಸಿಫಿಕೇಶನ್‌ನಲ್ಲಿ ಸಾಮಾನ್ಯವಾಗಿ ಬರೆದಿರುವುದು ಸುಮಾರು 12.5 ಟಿಬಿ ಓದಿಗೆ ಒಂದರವರೆಗೆ ಓದಲಾಗದ ದೋಷ ಬರಬಹುದು ಎಂದು. ಆ ಹೊತ್ತಿಗೆ ದೋಷ ಬಂದರೆ ತುಂಬಿಕೊಡಲು ಬೇರೆ ಪ್ರತಿ ಇರುವುದಿಲ್ಲ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ ತುಂಬಲು ಏಳೂವರೆ ಗಂಟೆ, ಕೆಲಸ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಅದೇ ನಾಲ್ಕು ಡಿಸ್ಕ್‌ನಲ್ಲಿ ರೈಡ್-10 (ಪ್ರತಿ ಡಿಸ್ಕ್‌ಗೂ ಒಂದು ನಕಲು ಡಿಸ್ಕ್) ಮಾಡಿದರೆ 8 ಟಿಬಿ ಸಿಗುತ್ತದೆ. ಮಿಲ್ ಲೆಕ್ಕಕ್ಕೆ ಧಾರಾಳ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ನೂರೆಂಟು ಸಾಲು ಇರುತ್ತವೆ, ನೋಡಬೇಕಾದವು ನಾಲ್ಕೈದೇ: 5, 187, 197, 198 (ಕೆಟ್ಟ, ಓದಲಾಗದ ಜಾಗಗಳ ಎಣಿಕೆ). ಇವುಗಳ ಮೂಲ ಎಣಿಕೆ ಸೊನ್ನೆಯಿಂದ ಮೇಲೆದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ "ಪಾಸ್" ಎಂದು ಬರೆದಿದ್ದರೂ ಡಿಸ್ಕ್ ಬದಲಿಸಿರಿ. 199 ಮಾತ್ರ ಏರಿದರೆ ಡಿಸ್ಕ್ ಬಿಸಾಡಬೇಡಿರಿ, ಅದು ಬಹುತೇಕ ಕೇಬಲ್ ಅಥವಾ ಕನೆಕ್ಟರ್ ತಪ್ಪು. ತಿಂಗಳಿಗೊಮ್ಮೆ ಇಡೀ ರೈಡ್ ಓದಿ ತಾಳೆ ನೋಡುವ ಸ್ಕ್ರಬ್ ನಡೆಯಬೇಕು. ಡೆಬಿಯನ್ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ರೈಡ್‌ಗೆ ಅದು ತಿಂಗಳ ಮೊದಲ ಭಾನುವಾರ ತಾನೇ ನಡೆಯುತ್ತದೆ, ರೈಡ್ ನಡೆಸುವ ಪ್ರತ್ಯೇಕ ಕಾರ್ಡ್ ಆದರೆ ಪ್ಯಾಟ್ರೋಲ್ ರೀಡ್ (ಕಾರ್ಡೇ ಡಿಸ್ಕ್ ಓದಿ ಪರೀಕ್ಷಿಸುವುದು) ಆನ್ ಇದೆಯೇ ನೋಡಿರಿ. ಕಾರ್ಡ್‌ಗೂ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತರೆ ರೈಟ್ ಕ್ಯಾಶ್ (ಬರೆಯುವುದನ್ನು ಚುರುಕುಗೊಳಿಸುವ ತಾತ್ಕಾಲಿಕ ಮೆಮರಿ) ಬಂದ್ ಆಗಿ ಎಲ್ಲ ನಿಧಾನವಾಗುತ್ತದೆ, ಬೈಗುಳ ಟ್ಯಾಲಿಗೆ ಬೀಳುತ್ತದೆ.

ಒಂದು ಡಿಸ್ಕ್ ಕಪಾಟಿನಲ್ಲಿ ಸಿದ್ಧ ಇರಲಿ. ಪ್ರತಿ ಟ್ರೇ ಮೇಲೆ ಸೀರಿಯಲ್ ನಂಬರಿನ ಚೀಟಿ ಅಂಟಿಸಿರಿ. ಎಳೆಯುವ ಮುಂಚೆ ಸಾಫ್ಟ್‌ವೇರ್‌ನಿಂದ ಆ ಸ್ಲಾಟಿನ ದೀಪ ಮಿನುಗಿಸಿ ನಂಬರ್ ತಾಳೆ ನೋಡಿರಿ. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಎಳೆದರೆ ಅಲ್ಲಿಗೆ ರೈಡ್-5 ಮುಗಿಯಿತು.

ಸೆಖೆ ಮತ್ತು ದೂಳು: ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಬೇಕು. ಎಚ್ಚರಿಕೆ 30ಕ್ಕೆ, ತುರ್ತು 35ಕ್ಕೆ ಇಡಿರಿ. ಕರೆಂಟ್ ಬಂದಮೇಲೆ ಎಸಿ ತಾನೇ ಶುರುವಾಗುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿರಿ. ಎಷ್ಟೋ ಕಡೆ ರಿಮೋಟ್ ಒತ್ತುವ ಹುಡುಗ ಬೆಳಗ್ಗೆಯೇ ಬರುವುದು. ಭತ್ತದ ಹೊಟ್ಟು, ತೌಡಿನ ಪುಡಿ ಫಿಲ್ಟರ್ ಮುಚ್ಚುತ್ತದೆ, ತಿಂಗಳಿಗೊಮ್ಮೆಯಾದರೂ ತೆಗೆದು ಒದರಬೇಕು. ಮಿಲ್ ಕಂಪ್ರೆಸರ್ ಗಾಳಿ ಹೊಡೆಯಬೇಡಿರಿ, ಅದರಲ್ಲಿ ನೀರು, ಎಣ್ಣೆ ಇರುತ್ತದೆ. ಬ್ಲೋಯರ್ ಹಿಡಿಯುವಾಗಲೂ ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿಯಿರಿ.

ಇದನ್ನೆಲ್ಲ ಕಾಯುವವರು ಯಾರು? ಸರ್ವರ್‌ನಲ್ಲೇ ಬಿಎಂಸಿ ಎಂಬ ಚಿಪ್ ಇದೆ (ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಲೋ). ವಿಂಡೋಸ್ ಸತ್ತರೂ ಅದು ಬದುಕಿರುತ್ತದೆ. ಫ್ಯಾನ್, ಉಷ್ಣತೆ, ಪವರ್ ಸಪ್ಲೈ, ಮೆಮರಿ ದೋಷ ಎಲ್ಲ ಅಲ್ಲಿ ದಾಖಲಾಗುತ್ತವೆ. ಪಾಸ್‌ವರ್ಡ್ ಬದಲಿಸಿರಿ, ಇಂಟರ್ನೆಟ್ಟಿಗೆ ತೆರೆದಿಡಬೇಡಿರಿ, ಗಡಿಯಾರ ಸರಿಪಡಿಸಿರಿ. ಲಾಗ್ ತುಂಬಿದರೆ ಕೆಲವು ಬಿಎಂಸಿಗಳು ಬರೆಯುವುದನ್ನೇ ನಿಲ್ಲಿಸುತ್ತವೆ, ಆಗಾಗ ಉಳಿಸಿಕೊಂಡು ಖಾಲಿ ಮಾಡಿರಿ. ಮೆಮರಿಯಲ್ಲಿ ಒಂದೇ ಸ್ಲಾಟಿಗೆ ತಾನಾಗಿ ತಿದ್ದಿಕೊಂಡ ದೋಷಗಳು ಮತ್ತೆ ಮತ್ತೆ ಬಂದರೆ ಆ ಸ್ಟಿಕ್ ಬದಲಿಸಿರಿ.

ಕಾವಲು ಮಾತ್ರ ಅದೇ ಸರ್ವರ್ ಮೇಲೆ ಇರಬಾರದು. ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಜ್ಯಾಬಿಕ್ಸ್ ಎಂಬ ಕಾವಲು ಸಾಫ್ಟ್‌ವೇರ್ ಹಾಕಿ, ಟೆಲಿಗ್ರಾಂಗೆ ಸಂದೇಶ ಬರಲಿ. ಈಮೇಲ್ ಯಾರೂ ತೆರೆಯುವುದಿಲ್ಲ. ಪೈ ಕೂಡ ಸಾಯಬಹುದು, ಹಾಗಾಗಿ 5 ನಿಮಿಷಕ್ಕೊಮ್ಮೆ "ಇದ್ದೇನೆ" ಎಂದು ಹೊರಗಿನ ಸೇವೆಯೊಂದಕ್ಕೆ ಕಳಿಸಲಿ, ಸದ್ದು ನಿಂತರೆ ಅಲ್ಲಿಂದ ನಿಮಗೆ ತಿಳಿಯಲಿ. ಸಣ್ಣಪುಟ್ಟದ್ದಕ್ಕೆಲ್ಲ ಫೋನ್ ಕಿರುಗುಟ್ಟಿದರೆ ಎರಡೇ ವಾರಕ್ಕೆ ಮ್ಯೂಟ್ ಮಾಡುತ್ತೀರಿ. ರಾತ್ರಿ ಎಬ್ಬಿಸಬೇಕಾದವು: ರೈಡ್ ಡಿಗ್ರೇಡ್ (ಡಿಸ್ಕ್ ಒಂದು ಹೋಗಿರುವುದು), ಪವರ್ ಸಪ್ಲೈ ಹೋದದ್ದು, 35 ಡಿಗ್ರಿ, ಸದ್ದಿಲ್ಲದಿರುವುದು. ಉಳಿದದ್ದು ಬೆಳಗ್ಗೆಗೆ.

ಬ್ಯಾಕಪ್ ಬೇರೆಯೇ ಬೇಕು. ರ‍್ಯಾನ್ಸಮ್‌ವೇರ್ ಬಂದರೆ, ಯಾರೋ ಫೋಲ್ಡರ್ ಅಳಿಸಿದರೆ, ರೈಡ್ ಆ ತಪ್ಪನ್ನೂ ಎಲ್ಲ ಡಿಸ್ಕ್‌ಗೂ ನಿಷ್ಠೆಯಿಂದ ಬರೆಯುತ್ತದೆ.

ಭತ್ತದ ಸೀಸನ್ ಶುರುವಾಗುವ ಮೊದಲು, ಅಕ್ಟೋಬರ್‌ನ ಒಂದು ಭಾನುವಾರ, ಬ್ಯಾಕಪ್ ತೆಗೆದುಕೊಂಡು ಒಂದು ಪವರ್ ಸಪ್ಲೈ ವೈರ್ ಎಳೆಯಿರಿ. ಐದು ನಿಮಿಷದೊಳಗೆ ಫೋನಿಗೆ ಸಂದೇಶ ಬರಬೇಕು. ವಾಪಸ್ ಹಾಕಿ, ಸರಿಯಾಯಿತೆಂಬ ಸಂದೇಶ ಬಂದಮೇಲೆ ಇನ್ನೊಂದನ್ನು ಎಳೆಯಿರಿ.