ಡ್ರೈವರ್ ಹುಡುಕುವ ಮೊದಲು ಪ್ರಿಂಟರ್ ಯಾರ ಕೈಯಲ್ಲಿದೆ ನೋಡಿ

ಅಂಕೋಲೆಯಿಂದ ನಿನ್ನೆ ರಾತ್ರಿ ಬಂದ ಪ್ರಶ್ನೆಗೆ ಉತ್ತರ ಇದು. ಸ್ವಲ್ಪ ಉದ್ದ ಆಗುತ್ತದೆ, ಒಂದು ಲೋಟ ಕಷಾಯ ಇಟ್ಟುಕೊಂಡು ಕೂತುಕೊಳ್ಳಿ.

ನೀವು ಹೇಳಿದ್ದು ಇಷ್ಟು. ಲಿನಕ್ಸ್ ಮಿಂಟ್ ಅಪ್‌ಗ್ರೇಡ್ ಮಾಡಿದ ಮೇಲೆ ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟ್ ಕೊಡುತ್ತಿಲ್ಲ, ಕೆಲಸ ಕ್ಯೂನಲ್ಲೇ ನಿಲ್ಲುತ್ತದೆ. ಕೆನಾನ್ ಲೈಡ್ 110 ಸ್ಕ್ಯಾನರ್ ಒಂದು ಸಲ ಕಾಣಿಸುತ್ತದೆ, ಎರಡನೇ ಸಲಕ್ಕೆ ಮಾಯ. ಕರ್ನಲ್ (ಲಿನಕ್ಸ್‌ನ ತಿರುಳು) ಡ್ರೈವರ್ ಕೆಟ್ಟಿದೆಯಾ, ಹಳೇ ಕರ್ನಲ್‌ಗೆ ವಾಪಸ್ ಹೋಗಬೇಕಾ ಅಂತ ಕೇಳಿದಿರಿ. ಅದರ ಕೆಳಗೆ ಒಬ್ಬರು ‘ಯುಎಸ್‌ಬಿಎಲ್‌ಪಿ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ’ ಅಂದರು, ಅಂದರೆ ಕರ್ನಲ್‌ನ ಆ ತುಣುಕು ಲೋಡ್ ಆಗದ ಹಾಗೆ ತಡೆಯಿರಿ ಅಂತ. ಇನ್ನೊಬ್ಬರು ‘ಹಾಗೆ ಮಾಡಿ ನನ್ನ ಕೆನಾನ್ 2900 ಪ್ರಿಂಟರ್ ಮಲಗಿಬಿಟ್ಟಿತು’ ಅಂದರು. ಇಬ್ಬರ ಮಾತೂ ಸರಿ. ಅದೇ ಇಲ್ಲಿನ ಗಮ್ಮತ್ತು.

ನಾನು ಫೋನಿನಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ‘ಅಡ್ಡಗೆರೆ’ ಅಂದರೆ ಹೈಫನ್.

ಒಂದು ಯುಎಸ್‌ಬಿ ಪ್ರಿಂಟರನ್ನು ಮಾತಾಡಿಸಲು ಲಿನಕ್ಸ್‌ನಲ್ಲಿ ಮೂವರು ಕಾದು ಕೂತಿರುತ್ತಾರೆ. ಮೊದಲನೆಯದು ಕರ್ನಲ್‌ನ ಯುಎಸ್‌ಬಿಎಲ್‌ಪಿ. ಇದು ಪ್ರಿಂಟರ್ ಹಾಕಿದ ಕೂಡಲೇ ‘ಎಲ್‌ಪಿ0’ ಅನ್ನೋ ಹೆಸರಿನ ಒಂದು ಬಾಗಿಲು ತೆಗೆದಿಡುತ್ತದೆ. ಎರಡನೆಯದು ಕಪ್ಸ್, ಪ್ರಿಂಟ್ ಕೆಲಸಗಳನ್ನು ಸಾಲಾಗಿ ಕಳಿಸುವ ವ್ಯವಸ್ಥೆ. 2009ರಲ್ಲಿ ಬಂದ 1.4ನೇ ಆವೃತ್ತಿಯಿಂದ ಅದು ಆ ಬಾಗಿಲಿಗೆ ಹೋಗುವುದಿಲ್ಲ, ಲಿಬ್‌ಯುಎಸ್‌ಬಿ (ಪ್ರೋಗ್ರಾಂಗಳು ಯುಎಸ್‌ಬಿಯನ್ನು ನೇರ ಮುಟ್ಟಲು ಇರುವ ಲೈಬ್ರರಿ) ಮೂಲಕ ತಾನೇ ನೇರ ಮಾತಾಡುತ್ತದೆ. ಮೂರನೆಯದು ಐಪಿಪಿ-ಯುಎಸ್‌ಬಿ, ಹೊಸ ಪ್ರಿಂಟರ್‌ಗಳಿಗೆ. ಒಂದು ಬಾವಿ, ಒಂದೇ ರಾಟೆ, ಮೂರು ಕೊಡ. ಒಬ್ಬರು ಹಗ್ಗ ಬಿಡುವವರೆಗೆ ಇನ್ನೊಬ್ಬರಿಗೆ ನೀರಿಲ್ಲ. ನಮ್ಮ ಗುಂಪಿನಲ್ಲಿ ‘ಡ್ರೈವರ್ ಪ್ರಾಬ್ಲಂ’ ಅಂತ ಬರುವುದರಲ್ಲಿ ಹೆಚ್ಚಿನವು ಈ ರಾಟೆ ಜಗಳ. ಡ್ರೈವರ್ ಅದರ ಪಾಡಿಗೆ ಚೆನ್ನಾಗಿಯೇ ಇರುತ್ತದೆ.

ಹಾಗಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ‘ಎಲ್‌ಎಸ್‌ಯುಎಸ್‌ಬಿ’ ಹೊಡೆಯಿರಿ. ನಿಮ್ಮ 1020 ಇದ್ದರೆ 03ಎಫ್0:2ಬಿ17 ಅಂತ ಒಂದು ಸಾಲು ಬರಬೇಕು, ಸ್ಕ್ಯಾನರ್‌ಗೆ 04ಎ9:1909. ಈ ಸಾಲೇ ಇಲ್ಲ ಅಂದರೆ ಡ್ರೈವರ್ ಮಾತು ಬಿಡಿ, ಕೇಬಲ್ ನೋಡಿ. ಸಾಲು ಇದ್ದರೆ ಅದೇ ಕಮಾಂಡ್ ಮುಂದೆ ಅಡ್ಡಗೆರೆ-ಟಿ ಸೇರಿಸಿ ಹೊಡೆಯಿರಿ. ಮರದ ಕೊಂಬೆಯ ಹಾಗೆ ಪಟ್ಟಿ ಬರುತ್ತದೆ, ಪ್ರತಿ ಸಾಲಿನಲ್ಲೂ ‘ಡ್ರೈವರ್’ ಅಂತ ಇರುತ್ತದೆ. ಅಲ್ಲಿ ಯುಎಸ್‌ಬಿಎಲ್‌ಪಿ ಅಂತ ಇದ್ದರೆ ಹಗ್ಗ ಕರ್ನಲ್ ಕೈಯಲ್ಲಿ. ಯುಎಸ್‌ಬಿಎಫ್‌ಎಸ್ ಅಂತ ಇದ್ದರೆ ಕಪ್ಸ್ ಅಥವಾ ಐಪಿಪಿ-ಯುಎಸ್‌ಬಿ ಥರದ ಯಾವುದೋ ಪ್ರೋಗ್ರಾಂ ಹಿಡಿದಿದೆ. ಖಾಲಿ ಇದ್ದರೆ ಅಥವಾ ‘ನನ್’ ಅಂತ ಇದ್ದರೆ ಯಾರೂ ಹಿಡಿದಿಲ್ಲ.

ಇನ್ನೊಂದು ಕಿಟಕಿಯಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಕರ್ನಲ್‌ನ ಸಂದೇಶ ತೋರಿಸುವ ‘ಡಿ-ಮೆಸ್ಗ್’ (ಹೊಡೆಯುವಾಗ ನಡುವೆ ಗೆರೆ ಬೇಡ, ಒಂದೇ ಪದ) ಓಡಿಸಿ ಇಡಿ, ಮುಂದೆ ಅಡ್ಡಗೆರೆ-ಡಬ್ಲ್ಯು ಸೇರಿಸಿದರೆ ಹೊಸ ಸಾಲುಗಳು ಬರುತ್ತಾ ಹೋಗುತ್ತವೆ. ಅಲ್ಲಿ ‘ಯುಎಸ್‌ಬಿಎಲ್‌ಪಿ0: ರಿಮೂವ್ಡ್’ ಅಂತ ಕಂಡರೆ ಹೆದರಬೇಡಿ. ಕಪ್ಸ್ ಕೆಲಸ ಶುರು ಮಾಡುವಾಗ ಕರ್ನಲ್ ಕೈಯಿಂದ ಹಗ್ಗ ತೆಗೆದುಕೊಂಡಿತು ಅಂತ ಅರ್ಥ, ಅಷ್ಟೇ. ಮುಗಿದ ಮೇಲೆ ವಾಪಸ್ ಕೊಡುತ್ತದೆ. ಈ ಒಂದು ಸಾಲು ನೋಡಿ ಕಂಗಾಲಾಗಿ ಕರ್ನಲ್ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಈಗ ನಿಮ್ಮ 1020ಕ್ಕೆ ಬರೋಣ. ಇದರ ಜಾತಿಯೇ ಬೇರೆ. ಈ ಪ್ರಿಂಟರ್‌ನ ಒಳಗೆ ಫರ್ಮ್‌ವೇರ್ (ಅದನ್ನು ಓಡಿಸುವ ಒಳಗಿನ ಪ್ರೋಗ್ರಾಂ) ಉಳಿಯುವುದಿಲ್ಲ. ಸ್ವಿಚ್ ಹಾಕಿದ ಪ್ರತಿ ಸಲವೂ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು. ಕಳಿಸದಿದ್ದರೆ ಅದು ಲೈಟ್ ಹಚ್ಚಿಕೊಂಡು ಸುಮ್ನೆ ಕೂತಿರುತ್ತದೆ, ಎಲ್‌ಎಸ್‌ಯುಎಸ್‌ಬಿಯಲ್ಲೂ ಕಾಣುತ್ತದೆ, ಕಾಗದ ಮಾತ್ರ ಎಳೆಯುವುದಿಲ್ಲ. ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ, ಪ್ರಿಂಟರ್ ಆರಿ ಹತ್ತುತ್ತದೆ. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಹಾಕಬಾರದು, ಬಿಸಿಯಾಗುವಾಗ ವಿಪರೀತ ಕರೆಂಟ್ ಎಳೆಯುತ್ತದೆ. ಅಂದರೆ ಕರೆಂಟ್ ಬಂದ ಪ್ರತಿ ಸಲ ಫರ್ಮ್‌ವೇರ್ ಮತ್ತೆ ಹೋಗಬೇಕು. ‘ಬೆಳಿಗ್ಗೆ ಬರ್ತಿತ್ತು, ಮಧ್ಯಾಹ್ನ ಇಲ್ಲ’ ಅಂತ ನೀವು ಬರೆದಿದ್ದು ಇದೇ ಇರಬಹುದು.

ಫರ್ಮ್‌ವೇರ್ ಕಳಿಸುವವರು ಇಬ್ಬರು. ಒಂದು ಎಚ್‌ಪಿ-ಲಿಪ್, ಇನ್ನೊಂದು ಫೂ2ಝಡ್‌ಜೆಎಸ್. ಎಚ್‌ಪಿ-ಲಿಪ್ ಓಪನ್ ಸೋರ್ಸ್. ಆದರೆ 1020ಕ್ಕೆ ಅದರ ಜೊತೆ ಒಂದು ಪ್ಲಗಿನ್ ಬೇಕು, ಅದು ಓಪನ್ ಅಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು. ಪ್ಲಗಿನ್ ಆವೃತ್ತಿ ಎಚ್‌ಪಿ-ಲಿಪ್ ಆವೃತ್ತಿಗೆ ಸರಿಯಾಗಿ ಹೊಂದಬೇಕು. ನೀವು ಮಿಂಟ್ ಅಪ್‌ಗ್ರೇಡ್ ಮಾಡಿದಾಗ ಎಚ್‌ಪಿ-ಲಿಪ್ ಹೊಸದಾಯಿತು, ಪ್ಲಗಿನ್ ಹಳೆಯದೇ ಉಳಿಯಿತು. ನನ್ನ ಊಹೆ ಇದರ ಮೇಲೇ. ಟರ್ಮಿನಲ್‌ನಲ್ಲಿ ‘ಎಚ್‌ಪಿ-ಪ್ಲಗಿನ್’ ಹೊಡೆದು ಅದು ಕೇಳಿದ್ದಕ್ಕೆ ಹೂಂ ಅನ್ನಿ. ನೆಟ್ ಬೇಕು. ಆಮೇಲೆ ಪ್ರಿಂಟರ್ ಆರಿಸಿ ಹತ್ತು ಸೆಕೆಂಡ್ ಬಿಟ್ಟು ಹಾಕಿ. ಫರ್ಮ್‌ವೇರ್ ಹೋದರೆ ಲೈಟ್ ಮಿನುಗಿ ಒಳಗೆ ಒಂದು ಸಲ ಗರ್ರ್ ಅನ್ನುತ್ತದೆ. ಆ ಸದ್ದು ಬಂದರೆ ಗೆದ್ದಿರಿ.

ಎರಡೂ ಇನ್‌ಸ್ಟಾಲ್ ಆಗಿದ್ದರೆ ಒಂದನ್ನು ತೆಗೆಯಿರಿ. ನಾನು ಎಚ್‌ಪಿ-ಲಿಪ್ ಇಟ್ಟುಕೊಳ್ಳಿ ಅಂತೀನಿ. ಪ್ಲಗಿನ್ ಮುಚ್ಚಿದ ಡಬ್ಬಿ ಅನ್ನೋದು ನನಗೂ ಇಷ್ಟ ಇಲ್ಲ. ಆದರೆ ಫೂ2ಝಡ್‌ಜೆಎಸ್ ಕಡೆ ಹೋದರೂ ಫರ್ಮ್‌ವೇರ್ ಎಚ್‌ಪಿಯದೇ ತಾನೆ?

ಇಲ್ಲೇ ಬ್ಲ್ಯಾಕ್‌ಲಿಸ್ಟ್ ಸಲಹೆಯ ಮುಳ್ಳು ಇರುವುದು. ಎಚ್‌ಪಿ-ಲಿಪ್ ಲಿಬ್‌ಯುಎಸ್‌ಬಿಯಿಂದಲೇ ಮಾತಾಡುತ್ತದೆ, ಅದಕ್ಕೆ ಯುಎಸ್‌ಬಿಎಲ್‌ಪಿ ಬೇಡ. ಆದರೆ ಫೂ2ಝಡ್‌ಜೆಎಸ್ ಫರ್ಮ್‌ವೇರ್ ಸುರಿಯುವುದೇ ಆ ಎಲ್‌ಪಿ0 ಬಾಗಿಲಿನಿಂದ. ಯುಎಸ್‌ಬಿಎಲ್‌ಪಿ ಇಲ್ಲ ಅಂದರೆ ಬಾಗಿಲೇ ಇಲ್ಲ. ಕೆನಾನ್ ಎಲ್‌ಬಿಪಿ 2900ದ ಕಂಪನಿ ಡ್ರೈವರ್‌ನದೂ ಅದೇ ಕತೆ. ಅದರ ಸಿಸಿಪಿಡಿ ಅನ್ನೋ ಪ್ರೋಗ್ರಾಂಗೆ ‘ಎಲ್‌ಪಿ0 ನೋಡು’ ಅಂತ ಹೇಳಿಕೊಟ್ಟಿರುತ್ತೇವೆ. 2900 ಮಲಗಿತು ಅಂದವರೇ, ಈಟಿಸಿಯ ಒಳಗೆ ಮಾಡ್‌ಪ್ರೋಬ್-ಡಾಟ್-ಡಿ ಫೋಲ್ಡರ್‌ನಲ್ಲಿ ನೀವು ಬರೆದ ಆ ಸಾಲು ಅಳಿಸಿ, ಯುಎಸ್‌ಬಿಎಲ್‌ಪಿಯನ್ನು ಮಾಡ್‌ಪ್ರೋಬ್ ಮಾಡಿ (ಅಂದರೆ ಮತ್ತೆ ಲೋಡ್ ಮಾಡಿ), ಎದ್ದು ಕೂರುತ್ತದೆ. ಕರೆಂಟ್ ಹೋಗಿ ಬಂದಾಗ ಮತ್ತೆ ನಿಂತರೆ ಎಲ್‌ಪಿ0 ಹೋಗಿ ಎಲ್‌ಪಿ1 ಆಗಿದೆಯಾ ನೋಡಿ. ಸಿಸಿಪಿಡಿ ಹಳೇ ಬಾಗಿಲನ್ನು ಹಿಡಿದುಕೊಂಡೇ ಇದ್ದರೆ ಕರ್ನಲ್ ಹೊಸ ನಂಬರ್ ಕೊಡುತ್ತದೆ. ಯೂಡೆವ್ ರೂಲ್ ಬರೆದು ಅದಕ್ಕೊಂದು ಖಾಯಂ ಹೆಸರು ಕೊಟ್ಟರೆ ಈ ಕಾಟ ಮುಗಿಯುತ್ತದೆ. ಧೈರ್ಯ ಇದ್ದರೆ ಕ್ಯಾಪ್ಟ್‌ಡ್ರೈವರ್ ಅನ್ನೋ ಓಪನ್ ಸೋರ್ಸ್ ಡ್ರೈವರ್ ಇದೆ, 2900ಕ್ಕೆ ನಡೆಯುತ್ತದೆ, ಸಿಸಿಪಿಡಿಯ ಹಂಗೇ ಬೇಡ.

ಬ್ಲ್ಯಾಕ್‌ಲಿಸ್ಟ್ ಮಾಡಲೇಬೇಕು ಅನಿಸಿದರೂ ಮೊದಲು ಸುಡೋ ಹಾಕಿ ಮಾಡ್‌ಪ್ರೋಬ್ ಅಡ್ಡಗೆರೆ-ಆರ್ ಯುಎಸ್‌ಬಿಎಲ್‌ಪಿ ಹೊಡೆದು ಪರೀಕ್ಷೆ ಮಾಡಿ. ರೀಸ್ಟಾರ್ಟ್ ಮಾಡಿದರೆ ಎಲ್ಲಾ ಮೊದಲಿನಂತೆ. ಹಾಗೇ ಇನ್ನೊಂದು: ಒಂದು ಕೆಲಸ ಸೋತರೆ ಕಪ್ಸ್ ಪ್ರಿಂಟರನ್ನೇ ತಡೆದು ನಿಲ್ಲಿಸಿ ಇಡುವುದುಂಟು. ಮೂಲ ತೊಂದರೆ ಸರಿ ಮಾಡಿದ ಮೇಲೂ ಅದು ನಿಂತೇ ಇರುತ್ತದೆ. ನಾವು ಮತ್ತೆ ತಲೆ ಕೆರೆದುಕೊಳ್ಳುತ್ತೇವೆ.

ಸ್ಕ್ಯಾನರ್ ಕಡೆ ಕರ್ನಲ್ ಡ್ರೈವರ್ ಅನ್ನೋದೇ ಇಲ್ಲ ಈಗ. ಸೇನ್ ಅನ್ನೋ ವ್ಯವಸ್ಥೆಯೇ ಲಿಬ್‌ಯುಎಸ್‌ಬಿ ಮೂಲಕ ಎಲ್ಲಾ ಮಾಡುತ್ತದೆ. ನಿಮ್ಮ ಲೈಡ್ 110ಕ್ಕೆ ಅದರಲ್ಲಿ ಜೆನೆಸಿಸ್ ಅನ್ನೋ ಭಾಗ ಇದೆ. ‘ಸ್ಕ್ಯಾನ್‌ಇಮೇಜ್’ ಮುಂದೆ ಅಡ್ಡಗೆರೆ-ದೊಡ್ಡ ಎಲ್ ಹಾಕಿ ಒಮ್ಮೆ ಸುಮ್ನೆ, ಒಮ್ಮೆ ಸುಡೋ ಜೊತೆ ಓಡಿಸಿ. ಸುಡೋ ಜೊತೆ ಮಾತ್ರ ಕಂಡರೆ ಅನುಮತಿಯ ತೊಂದರೆ. ಎರಡರಲ್ಲೂ ಮೊದಲ ಸಲ ಕಂಡು ಆಮೇಲೆ ಕಾಣದಿದ್ದರೆ, ನಿಮ್ಮ ಥರ, ಅದಕ್ಕೆ ಸೇನ್‌ನಲ್ಲೇ ಮದ್ದು ಇದೆ. ಸೇನ್, ಯುಎಸ್‌ಬಿ, ವರ್ಕ್‌ಅರೌಂಡ್ ಈ ಮೂರು ಪದಗಳನ್ನು ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಹಾಕಿ ಬರೆದು ಬೆಲೆ 1 ಕೊಡಿ. ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ನೋಡಿ, ಸರಿಯಾದರೆ ಈಟಿಸಿಯ ಎನ್ವಿರಾನ್‌ಮೆಂಟ್ ಫೈಲಿಗೆ ಸೇರಿಸಿ. ಜೊತೆಗೆ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಬಿಟ್ಟು ಕಪ್ಪು ಪೋರ್ಟಿಗೆ ಹಾಕಿ. ಈ ಸ್ಕ್ಯಾನರ್‌ಗೆ ಬೇರೆ ಅಡಾಪ್ಟರ್ ಇಲ್ಲ, ಯುಎಸ್‌ಬಿಯಿಂದಲೇ ಕರೆಂಟ್ ಕುಡಿಯುತ್ತದೆ. ನೂರು ರೂಪಾಯಿ ಹಬ್‌ನ ಹಿಂದೆ ಇಟ್ಟರೆ ಬಿಕ್ಕಳಿಸುವುದು ಸಹಜ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಪೋರ್ಟನ್ನು ಮಲಗಿಸುತ್ತಿದೆಯಾ ಅಂತಲೂ ನೋಡಿ.

ನೀವು ಕರಾವಳಿಯವರು, ಅದಕ್ಕೇ ಇದೊಂದು ಹೇಳಲೇಬೇಕು. ಹೋದ ವರ್ಷ ಕಾರವಾರದಲ್ಲಿ ಭಾವನ ಮನೆಗೆ ಹೋಗಿದ್ದೆ. ಅವನದೂ ಪ್ರಿಂಟರ್ ಸಮಸ್ಯೆ. ಡಿ-ಮೆಸ್ಗ್‌ನಲ್ಲಿ ‘ಎರರ್ -71’ ಸಾಲು ಸಾಲಾಗಿ. ನಾನು ದೊಡ್ಡ ಜಾಣನಂತೆ ಎರಡು ಸಂಜೆ ಡ್ರೈವರ್ ತೆಗೆದೆ, ಹಾಕಿದೆ, ಕರ್ನಲ್ ಬದಲಿಸಿದೆ. ಮೂರನೇ ದಿನ ಅಕ್ಕ ಟೇಬಲ್ ಒರೆಸುವಾಗ ಕೇಬಲ್ ಕಿತ್ತಳು. ಪ್ರಿಂಟರ್ ಹಿಂದಿನ ಚೌಕ ಪೋರ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ನಾಲ್ಕು ಪಿನ್‌ಗಳಲ್ಲಿ ಎರಡು ಹಸಿರು. ತಾಮ್ರದ ಚೊಂಬಿಗೆ ಹುಳಿ ಬಿದ್ದಂತೆ. ಸಮುದ್ರದ ಉಪ್ಪು ಗಾಳಿ ಕಿಟಕಿಯಿಂದ ನೇರ ಅಲ್ಲಿಗೇ ಬರುತ್ತಿತ್ತು. ಪ್ರಿಂಟರ್ ಆರಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಕಡ್ಡಿಯಿಂದ ಒರೆಸಿ, ಒಣಗಿಸಿ, ಹೊಸ ಗಿಡ್ಡ ಕೇಬಲ್ ಹಾಕಿದೆವು. ಮುಗೀತು. ಅಕ್ಕ ಇವತ್ತಿಗೂ ನನ್ನನ್ನು ‘ಇಂಜಿನಿಯರ್ರು’ ಅಂತಲೇ ಕರೆಯುವುದು. -71, -110 ಈ ನಂಬರ್ ಕಂಡರೆ ಮೊದಲು ಕೇಬಲ್ ಮತ್ತು ಪೋರ್ಟ್, ಆಮೇಲೆ ಉಳಿದಿದ್ದು.

ಹೊಸ ಆಲ್-ಇನ್-ಒನ್ ಇರುವವರಿಗೆ ಒಂದು ಮಾತು. ಐಪಿಪಿ-ಯುಎಸ್‌ಬಿ ಹಿಡಿದಿದ್ದರೆ ಎಚ್‌ಪಿ-ಲಿಪ್ ಅಥವಾ ಕಂಪನಿ ಡ್ರೈವರ್ ಒಟ್ಟಿಗೆ ನಡೆಯುವುದಿಲ್ಲ. ಐಪಿಪಿಯಲ್ಲೇ ಪ್ರಿಂಟೂ ಸ್ಕ್ಯಾನೂ ಬಂದರೆ ಬೇರೆ ಏನೂ ಹಾಕಬೇಡಿ. ಬಾರದಿದ್ದರೆ ಆ ಸರ್ವೀಸ್ ನಿಲ್ಲಿಸಿ ಡ್ರೈವರ್ ದಾರಿ ಹಿಡಿಯಿರಿ.

ಇಷ್ಟೆಲ್ಲಾ ಮಾಡಿಯೂ ನಿಜವಾಗಿ ಡ್ರೈವರ್‌ನದೇ ತಪ್ಪು ಅಂತ ಆದರೆ ಅದನ್ನು ಸರಿ ಮಾಡಿಸುವುದು ಅಂದುಕೊಂಡಷ್ಟು ದೊಡ್ಡ ಕೆಲಸ ಅಲ್ಲ. ಯುಎಸ್‌ಬಿಎಲ್‌ಪಿಯ ಸೋರ್ಸ್ ಫೈಲಿನಲ್ಲಿ ತಂಟೆ ಮಾಡುವ ಪ್ರಿಂಟರ್‌ಗಳ ಒಂದು ಪಟ್ಟಿಯೇ ಇದೆ, ಎಚ್‌ಪಿ ಡೆಸ್ಕ್‌ಜೆಟ್ 895ಸಿ ಥರದವು. ಒಂದೊಂದಕ್ಕೆ ಒಂದೊಂದೇ ಸಾಲು. ಕಪ್ಸ್‌ನಲ್ಲೂ ಕ್ವರ್ಕ್ಸ್ ಅಂತ ಅಂಥದೇ ಫೈಲ್ ಇದೆ. ಅದು ಸಾದಾ ಪಠ್ಯ, ನೀವೇ ತಿದ್ದಿ ನೋಡಬಹುದು. ಪ್ರಿಂಟರ್‌ನ ಎರಡು ನಂಬರ್ ಬರೆದು ಮುಂದೆ ‘ಯೂನಿಡಿರ್’ ಅಂತಲೋ ‘ನೋ-ರಿಅಟ್ಯಾಚ್’ ಅಂತಲೋ ಸೇರಿಸುವುದು. ಮೊದಲನೆಯದು ಪ್ರಿಂಟರ್‌ನಿಂದ ಉತ್ತರ ಕಾಯಬೇಡ ಅಂತ, ಎರಡನೆಯದು ಕೆಲಸ ಮುಗಿದ ಮೇಲೆ ಹಗ್ಗವನ್ನು ಕರ್ನಲ್‌ಗೆ ವಾಪಸ್ ಕೊಡಬೇಡ ಅಂತ. ಕಪ್ಸ್ ರೀಸ್ಟಾರ್ಟ್ ಮಾಡಿ, ಸರಿಯಾದರೆ ಆ ಸಾಲನ್ನು ಕಪ್ಸ್‌ನವರಿಗೆ ಕಳಿಸಿ.

ನೀವು ಈಗ ಎಚ್‌ಪಿ-ಪ್ಲಗಿನ್ ಹೊಡೆದು, ಗರ್ರ್ ಬಂತೋ ಇಲ್ಲವೋ ಇಲ್ಲೇ ಹೇಳಿ. ಬಾರದಿದ್ದರೆ ಎಲ್‌ಎಸ್‌ಯುಎಸ್‌ಬಿ ಅಡ್ಡಗೆರೆ-ಟಿ ಮತ್ತು ಪ್ರಿಂಟರ್ ಹಾಕಿದ ಮೇಲಿನ ಡಿ-ಮೆಸ್ಗ್ ಸಾಲುಗಳು, ಎರಡನ್ನೂ ಪಠ್ಯವಾಗಿಯೇ ಹಾಕಿ. ಸ್ಕ್ರೀನಿನ ಫೋಟೋ ಬೇಡ ಮಾರಾಯ್ರೆ, ನಿನ್ನೆಯ ಫೋಟೋದಲ್ಲಿ ನಿಮ್ಮ ಟ್ಯೂಬ್‌ಲೈಟ್ ಬಿಟ್ಟರೆ ಏನೂ ಕಾಣಲಿಲ್ಲ.